ಕಿತ್ತಳೆ ಸಿಪ್ಪೆ, ಎರಡು ಗ್ಲಾಸು

ಕಿತ್ತಳೆ ಲಿಕ್ಯೂರಿನ ಘಮವೆಲ್ಲ ಸಿಪ್ಪೆಯದು. ರಸಕ್ಕೆ ಅಲ್ಲಿ ದೊಡ್ಡ ಪಾತ್ರ ಇಲ್ಲ. ಹಣ್ಣು ಸುಲಿಯುವಾಗ ಕಣ್ಣಿಗೆ ಚಿಮ್ಮುತ್ತಲ್ಲ, ಆ ಎಣ್ಣೆ ನೀರಿಗೆ ಕರಗಲ್ಲ, ಆಲ್ಕೋಹಾಲ್‌ಗೆ ಕರಗುತ್ತೆ. ಫ್ರಾನ್ಸಿನ ಕ್ವಾಂತ್ರೋ, ಮ್ಯಾಂಡರಿನ್‌ನಿಂದಲೇ ಮಾಡುವ ಬೆಲ್ಜಿಯಂನ ಮ್ಯಾಂಡರಿನ್ ನೆಪೋಲಿಯನ್, ಎರಡರ ಗುಟ್ಟೂ ಇದೇ. ನಮ್ಮ ಕಡೆ ಅವುಗಳ ಬೆಲೆ ಕೇಳಿದ್ರೆ ಕುಡಿಯದೇನೇ ತಲೆ ತಿರುಗುತ್ತೆ.

ಆದ್ರೆ ನಮ್ಮ ಕೊಡಗಿನ ಕಿತ್ತಳೆಯೂ ಮ್ಯಾಂಡರಿನ್ ಜಾತಿಯದೇ. ಭೌಗೋಳಿಕ ಸೂಚ್ಯಂಕ ಸಿಕ್ಕಿರೋ ಹಣ್ಣು. ನಮ್ಮ ಬೂವನಹಳ್ಳಿಯಿಂದ ಪಶ್ಚಿಮಕ್ಕೆ ಹೊರಟು ಸಕಲೇಶಪುರ ದಾಟಿದ್ರೆ ಕಾಫಿ ತೋಟದ ನಡುವೆ ಈಗಲೂ ಅಲ್ಲಲ್ಲಿ ಸಿಗುತ್ತೆ. ಹಸಿರು ಮಿಶ್ರಿತ ಹಳದಿ, ಹುಳಿ ಸ್ವಲ್ಪ ಜಾಸ್ತಿ. ಗ್ರೀನಿಂಗ್ ರೋಗ ಬಿದ್ದು ಮರಗಳು ಕಮ್ಮಿಯಾಗಿವೆ. ಸಂತೆಯಲ್ಲಿ ರಾಶಿ ಹಾಕಿರೋದು ಹೆಚ್ಚಾಗಿ ನಾಗಪುರದ್ದು. ಕೇಳಿ ತಗೊಳ್ಳಿ.

ಎಂಟು ಹಣ್ಣು ತೊಳೆದು, ಪೀಲರ್‌ನಲ್ಲಿ ಮೇಲಿನ ಬಣ್ಣದ ಪದರ ಮಾತ್ರ ತೆಗೀರಿ. ಒಳಗಿನ ಬಿಳಿ ಬಂದ್ರೆ ಕಹಿ. 500 ಮಿ.ಲೀ. ವೋಡ್ಕಾದಲ್ಲಿ ಹಾಕಿ ನಾಲ್ಕು ದಿನ ಕತ್ತಲಲ್ಲಿಡಿ, ಸೋಸಿ. 250 ಗ್ರಾಂ ಸಕ್ಕರೆಯನ್ನ 250 ಮಿ.ಲೀ. ನೀರಲ್ಲಿ ಕರಗಿಸಿ, ಪೂರ್ತಿ ಆರಿದ ಮೇಲೆ ಬೆರೆಸಿ. ಮಸುಕಾದ್ರೆ ಗಾಬರಿ ಬೇಡ, ಎಣ್ಣೆ ಹೊರಗೆ ಬಂದಿದೆ ಅಷ್ಟೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಶೇ. 42.8ರ ವೋಡ್ಕಾ ಆದ್ರೆ ಇದು ಸುಮಾರು ಶೇ. 24ಕ್ಕೆ ಇಳಿಯುತ್ತೆ. (ಮನೇಲಿ ಬಟ್ಟಿ ಇಳಿಸೋ ಐಡಿಯಾ ಮಾತ್ರ ಬೇಡ. ಲೈಸೆನ್ಸ್ ಇಲ್ಲದೆ ಅದು ಅಪರಾಧ.)

ಬೆರೆಸೋದು ಸುಲಭ: ಬಿಳಿ ರಮ್ 45, ಲಿಕ್ಯೂರ್ 25, ನಿಂಬೆರಸ 15 ಮಿ.ಲೀ., ಐಸ್ ಜೊತೆ ಚೆನ್ನಾಗಿ ಕುಲುಕಿ.

ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಎರಡನೇ ಗ್ಲಾಸಿಗೆ. ನನ್ನ ಚಿಕ್ಕಪ್ಪನ ಮಗ ಕುಡಿಯೋದು ಬಿಟ್ಟು ಒಂದು ವರ್ಷ ಆಯ್ತು. ನಾವು ಕಸಿನ್ಸ್ ಸೇರಿದಾಗ ಅವನ ಕೈಗೆ ಪೇಪರ್ ಕಪ್ಪಲ್ಲಿ ಕೋಲಾ ಕೊಟ್ಟು, 'ಒಂದೇ ಒಂದು ತಗೊಳೋ ಮಾರಾಯ' ಅಂತ ಗಂಟು ಬೀಳೋರು ಇದ್ದೇ ಇರ್ತಾರೆ. ಬಿಡೋಕೆ ಅವನು ಎಷ್ಟು ಕಷ್ಟಪಟ್ಟ ಅಂತ ಮನೆಯವರಿಗೆ ಗೊತ್ತು. ಗ್ಲಾಸೇ ಬೇರೆ ಥರ ಕಾಣದಿದ್ರೆ ಆ ಮಾತೇ ಏಳಲ್ಲ.

ಆಲ್ಕೋಹಾಲ್ ಇಲ್ಲದೆ ಎಣ್ಣೆ ತೆಗೆಯೋಕೆ ಸಕ್ಕರೆ ಸಾಕು. ನಾಲ್ಕು ಹಣ್ಣಿನ ಸಿಪ್ಪೆಗೆ 100 ಗ್ರಾಂ ಸಕ್ಕರೆ ಹಾಕಿ ಕೈಯಲ್ಲಿ ಹಿಸುಕಿ, ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಸಕ್ಕರೆ ಒದ್ದೆಯಾಗಿ ಘಮ್ ಅಂತಿರುತ್ತೆ. ಅದೇ ಹಣ್ಣುಗಳ ರಸ ಹಾಕಿ ಕರಗಿಸಿ ಸೋಸಿ. ಇದು 40 ಮಿ.ಲೀ., ನಿಂಬೆರಸ 15, ಮೇಲೆ ತಣ್ಣನೆ ಸೋಡಾ, ಚಿಟಿಕೆ ಉಪ್ಪು. ಬರೀ ಸಿಹಿಯಾದ್ರೆ ಮಕ್ಕಳ ಶರಬತ್ತಾಗುತ್ತೆ, ಅದಕ್ಕೆ ಒಂದು ಚಮಚ ಆರಿದ ಫಿಲ್ಟರ್ ಕಾಫಿ ಡಿಕಾಕ್ಷನ್. ಒಂದೇ ತೋಟದಲ್ಲಿ ಬೆಳೆದವು ಗ್ಲಾಸಲ್ಲೂ ಹೊಂದಿಕೊಳ್ತವೆ. ರಾತ್ರಿ ಬೆಂಗಳೂರಿಗೆ ಕಾರು ಓಡಿಸೋರಿಗೂ ಇದನ್ನೇ ಕೊಡಿ, ನೂರು ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದ್ರೆ ಮೊದಲ ಸಲವೇ ದಂಡ 10,000 ರೂಪಾಯಿ, ಜೈಲೂ ಆಗಬಹುದು.

ಸಕ್ಕರೆ ಹತ್ತಿದ ಸಿಪ್ಪೆಯನ್ನ ಬಿಸಾಕಬೇಡಿ. ನಮ್ಮಮ್ಮ ಅದನ್ನ ಹೆಚ್ಚಿ, ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡ್ತಾರೆ. ಬೆಲ್ಲ ಅರ್ಧ ಹಾಕಿದ್ರೆ ಸಾಕು.