ತಿಂಗಳಿಗೆ ಎಷ್ಟು ಮಾತ್ರೆ?

ದಿನವೂ ತಲೆನೋವು ಅನ್ನುವವರ ಮೇಲೆ ಕನಿಕರ ಬಹಳ ದಿನ ಉಳಿಯುವುದಿಲ್ಲ. ಕಾಲಿಗೆ ಪಟ್ಟಿ ಕಟ್ಟಿಕೊಂಡವರಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ, ಕತ್ತಿನಿಂದ ಹಣೆಯವರೆಗೆ ಹಿಡಿದುಕೊಂಡ ನೋವು ಯಾರ ಕಣ್ಣಿಗೂ ಬೀಳದು. 'ನಿಂದು ಯಾವಾಗ್ಲೂ ಇದ್ದಿದ್ದೇ' ಎಂಬ ಮಾತು ಮನೆಯೊಳಗೇ ಶುರುವಾಗುತ್ತದೆ. ಕೊನೆಗೆ ನೋವುಳ್ಳವರು, ಅದರಲ್ಲೂ ಹೆಂಗಸರು, ಹೇಳುವುದನ್ನೇ ಬಿಟ್ಟು ಮೆಡಿಕಲ್ ಶಾಪಿನಿಂದ ಒಂದು ಶೀಟು ಮಾತ್ರೆ ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಂಡುಬಂದಿತ್ತು. ಅಂಥ ಡಬ್ಬಿ ಇಲ್ಲದ ಬೀದಿ ಇರಲಾರದು.

ಕತ್ತಿನ ಮೇಲ್ಭಾಗದ ನರಗಳೂ ಹಣೆ, ಮುಖದಿಂದ ಬರುವ ನರವೂ ಮಿದುಳಿನ ಬುಡದಲ್ಲಿ ಒಂದೆಡೆ ಕೂಡುತ್ತವೆ. ಹಾಗಾಗಿ ಕತ್ತಿನಲ್ಲಿ ಹುಟ್ಟಿದ ನೋವು ಕಣ್ಣಿನ ಹಿಂದೆ ಕಾಣಿಸಬಹುದು, ಮೈಗ್ರೇನ್ ಕತ್ತು ಹಿಡಿದಂತೆ ಆರಂಭವಾಗಬಹುದು. ಎಕ್ಸ್‌ರೇಯಲ್ಲಿ 'ಸ್ಪಾಂಡಿಲೋಸಿಸ್', ಅಂದರೆ ಕತ್ತಿನ ಮೂಳೆಗಳ ಸವೆತ, ಎಂದು ಬಂದ ಕೂಡಲೇ ಕಳ್ಳ ಸಿಕ್ಕಿಬಿದ್ದ ಎಂದುಕೊಳ್ಳಬೇಕಿಲ್ಲ. ಐವತ್ತು ದಾಟಿದ, ಯಾವ ನೋವೂ ಇಲ್ಲದ ಬಹಳ ಮಂದಿಯಲ್ಲೂ ಆ ಸವೆತ ಇರುತ್ತದೆ. ಅದಕ್ಕೆ ಹೆದರಿ ತಿಂಗಳುಗಟ್ಟಲೆ ಕಾಲರ್ ಬಿಗಿದುಕೊಂಡರೆ ಕತ್ತಿನ ಸ್ನಾಯುಗಳೇ ಸೋಲುತ್ತವೆ. (ಕ್ಷೌರದಂಗಡಿಯಲ್ಲಿ ಲಟಕ್ಕೆಂದು ಕತ್ತು ತಿರುಗಿಸಿಕೊಳ್ಳುವ ಸುಖವಂತೂ ಬೇಡವೇ ಬೇಡ. ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದದ್ದುಂಟು.)

ನನಗೆ ಹೆಚ್ಚಿನ ಚಿಂತೆ ಆ ಡಬ್ಬಿಯದೇ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಬೆರೆತ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಲ್ಲದು. ಏಳುವಾಗಲೇ ನೋವು, ನುಂಗಿದರೆ ಮಧ್ಯಾಹ್ನದವರೆಗೆ ಬಿಡುವು, ಸಂಜೆಗೆ ಮತ್ತೆ ಅದೇ. ನಿಲ್ಲಿಸಿದರೆ ಮೊದಲ ಕೆಲವು ದಿನ ನೋವು ಇನ್ನಷ್ಟು ಏರುತ್ತದೆ. ಆಗ ವೈದ್ಯರು ಜೊತೆಗಿರಬೇಕು, ಮನೆಯವರು ಒಂದಿಷ್ಟು ದಿನ ಅಡುಗೆಮನೆಗೂ ಇಳಿಯಬೇಕು. ತಲೆನೋವು ಬಾರದಂತೆ ತಡೆಯುವ ಔಷಧಗಳು ಬೇರೆಯೇ ಇವೆ, ಅವು ಆ ಡಬ್ಬಿಯಲ್ಲಿ ಇರುವುದಿಲ್ಲ.

ಹಿಂದೆಂದೂ ಕಾಣದಂಥ ನೋವು ಹಠಾತ್ತನೆ ಬಂದರೆ, ಜ್ವರದ ಜೊತೆ ಕತ್ತು ಬಗ್ಗದಾದರೆ, ಕೈಕಾಲು ಸೋತರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದವರು ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೊಂದು, ಮಾತ್ರೆ ನುಂಗಿದ ದಿನಕ್ಕಿನ್ನೊಂದು ಗುರುತು ಹಾಕಿಕೊಳ್ಳಿ. ಸ್ಕ್ಯಾನಿನ ಫೈಲು ಬಿಚ್ಚುವ ಮೊದಲು ಆ ಹಾಳೆಯನ್ನು ವೈದ್ಯರ ಮುಂದಿಡಿ.