ಸಿಂದಗಿಯ ಹುಡುಗ, ಹಿಪ್ಪರಗಾದ ಮಾಸ್ತರ

ಸೆಪ್ಟೆಂಬರ್ 17ರ ಬೆಳಿಗ್ಗೆ ಉಮರ್ಗಾದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮದ ಹೆಸರಿನಲ್ಲಿ ಧ್ವಜ ಏರುತ್ತದೆ. ಗಡಿ ದಾಟಿ ಬಸವಕಲ್ಯಾಣಕ್ಕೆ ಬಂದರೆ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವ. ಎರಡೂ ಕಡೆ ಸಲ್ಲುವ ಹೆಸರು ಸ್ವಾಮಿ ರಾಮಾನಂದ ತೀರ್ಥರದು. ನಿಜಾಮನ ವಿರುದ್ಧದ ಹೋರಾಟಗಾರರೆಂದು ಹಾರ ಹಾಕುತ್ತೇವೆ. ಆದರೆ ಅವರ ರಾಜಕಾರಣ ತಿಳಿಯಬೇಕಾದರೆ ಶಾಲೆಯಿಂದಲೇ ಶುರು ಮಾಡಬೇಕು.

ಅವರ ಮೊದಲಿನ ಹೆಸರು ವೆಂಕಟೇಶ ಭಗವಾನರಾವ್ ಖೇಡಗೀಕರ. ಹುಟ್ಟಿದ್ದು 1903ರಲ್ಲಿ, ಸಿಂದಗಿಯಲ್ಲಿ. ಓದು ಸೊಲ್ಲಾಪುರದಲ್ಲಿ. ಅಸಹಕಾರದ ಕರೆ ಬಂದಾಗ ಸರ್ಕಾರಿ ಶಾಲೆ ಬಿಟ್ಟು, ಮುಂದಿನ ಶಿಕ್ಷಣವನ್ನು ರಾಷ್ಟ್ರೀಯ ಸಂಸ್ಥೆಗಳಲ್ಲೇ ಪಡೆದರು: ಅಮಳನೇರ, ಆಮೇಲೆ ಪುಣೆಯ ತಿಲಕ್ ವಿದ್ಯಾಪೀಠ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಕೈಕೆಳಗೆ ಕೆಲಸವನ್ನೂ ಮಾಡಿದರು. ಅಂಥವರು 1920ರ ದಶಕದ ಕೊನೆಗೆ ಬಂದದ್ದು ಉಮರ್ಗಾದ ಮಗ್ಗುಲಿನ ಹಿಪ್ಪರಗಾ ಎಂಬ ಹಳ್ಳಿಗೆ, ಮಾಸ್ತರರಾಗಿ.

ಹಿಪ್ಪರಗಾ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಒಂದು ಹಳ್ಳಿ ಶಾಲೆ ನಿಜಾಮ್ ಸರ್ಕಾರಕ್ಕೆ ಏಕೆ ಮುಳ್ಳಾಗಬೇಕಿತ್ತು? ಅಂದಿನ ಹೈದರಾಬಾದ್ ಸಂಸ್ಥಾನದ ಪ್ರಜೆಗಳಲ್ಲಿ ಬಹುಪಾಲು ಜನರ ಮಾತು ತೆಲುಗು, ಮರಾಠಿ ಇಲ್ಲವೇ ಕನ್ನಡ. ಆಡಳಿತ ಮಾತ್ರ ಉರ್ದುವಿನಲ್ಲಿ. ಇಂದಿಗೂ ಈ ಭಾಗದಲ್ಲಿ ಇನಾಮು ಜಮೀನಿನ ತಕರಾರು ಎದ್ದರೆ ಹಳೆಯ ಮುಂತಖಬ್ (ಇನಾಮಿನ ಹಕ್ಕುಪತ್ರ) ತೆಗೆದುಕೊಂಡು ಉರ್ದು ಬಲ್ಲವರನ್ನು ಹುಡುಕಬೇಕು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡಲು ಹೊರಟಿತು. ಇಂಗ್ಲಿಷಿನ ಹಂಗಿಲ್ಲದೆ ವಿಜ್ಞಾನ ಕಲಿಸುವುದು ಸಣ್ಣ ಸಾಹಸವೇನಲ್ಲ, ಅದನ್ನು ಒಪ್ಪಲೇಬೇಕು. ಆದರೆ ನಿಲಂಗಾದ ಒಕ್ಕಲು ಮಗನಿಗೆ ಉರ್ದುವೂ ಅಷ್ಟೇ ದೂರ. ಹೀಗಿರುವಾಗ ಸರ್ಕಾರದ ಹಂಗಿಲ್ಲದೆ, ಜನರ ಮಾತಿನಲ್ಲಿ ಕಲಿಸುವ ಶಾಲೆ ತೆರೆದರೆ ಅದೇ ಒಂದು ಪ್ರತಿಭಟನೆ.

ಮುಂದೆ ಹಿಪ್ಪರಗಾದ ಈ ಮಾಸ್ತರರು ಸಂನ್ಯಾಸಿಯಾಗಿ ರಾಮಾನಂದ ತೀರ್ಥರಾದರು. ಅಂಬಾಜೋಗಾಯಿಯ ಶಾಲೆಗೆ ಹೋದರು. ಅಲ್ಲಿಂದ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್‌ನ ಸತ್ಯಾಗ್ರಹಕ್ಕೆ, ಜೈಲಿಗೆ. ಅದೇ ವರ್ಷ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾದಿಂದ ಹೊರಬಿದ್ದ ವಿದ್ಯಾರ್ಥಿಗಳಲ್ಲಿ ಪಿ. ವಿ. ನರಸಿಂಹರಾವ್ ಒಬ್ಬರು, ಅವರು ಸ್ವಾಮೀಜಿಯ ಶಿಷ್ಯರಾದರು.

1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ಸ್ವಾಮೀಜಿ ಅಧಿಕಾರದ ಗಾದಿ ಹಿಡಿಯಲಿಲ್ಲ. 1950ರಲ್ಲಿ ಅವರ ಶಿಕ್ಷಣ ಸಂಸ್ಥೆ ನಾಂದೇಡದಲ್ಲಿ ಪೀಪಲ್ಸ್ ಕಾಲೇಜು ತೆರೆಯಿತು. ಅಮೆರಿಕದ ಜೆಫರ್ಸನ್ ಕೂಡ ಸಮಾಧಿಗಲ್ಲಿನ ಮೇಲೆ ಅಧ್ಯಕ್ಷ ಪದವಿಯನ್ನು ಬಿಟ್ಟು, ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಿದ್ದನ್ನು ಬರೆಸಿದವರು. 1952ರಲ್ಲಿ ಗುಲ್ಬರ್ಗಾದ ಮತದಾರರು ಸ್ವಾಮೀಜಿಯನ್ನು ಲೋಕಸಭೆಗೆ ಕಳಿಸಿದರು. ಸಂಸ್ಥಾನವನ್ನು ಭಾಷೆಯ ಪ್ರಕಾರ ಮೂರು ಭಾಗ ಮಾಡಿ ಎಂಬುದು ಅವರ ಬೇಡಿಕೆ. ನೆಹರೂ ಅವರಿಗೆ ಮೊದಮೊದಲು ಅದು ಹಿಡಿಸಿರಲಿಲ್ಲ. ಆದರೂ 1956ರ ನವೆಂಬರ್ 1ರಂದು ಆ ಬೇಡಿಕೆಯಂತೆಯೇ ಆಯಿತು. ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ ಹೋದವು.

ಅವರ ವಾದ ಸರಿಯೇ ಇತ್ತು ಎಂದು ನನ್ನ ಎಣಿಕೆ. ಆದರೆ ಗೆರೆ ಎಲ್ಲಿ ಎಳೆದರೂ ಈ ಸೀಮೆಯಲ್ಲಿ ಒಂದಷ್ಟು ಮನೆಗಳು ಆಚೆ ಉಳಿಯುತ್ತವೆ. ಅದಕ್ಕೆಂದೇ ಅದೇ ದಿನ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ದೊರಕಿಸಲು ರಾಜ್ಯಗಳು ಪ್ರಯತ್ನಿಸಬೇಕು. ಗಡಿಯ ಕನ್ನಡ ಶಾಲೆಗೆ ಮಾಸ್ತರರನ್ನು ಕೊಡಿ ಎಂದು ಉಮರ್ಗಾದ ಪಾಲಕರು ಕೇಳುವುದಾದರೆ ಆಧಾರ ಆ ವಿಧಿಯೇ. ಮರಾಠಿ ಶಾಲೆ ಬೇಡುವ ಗಡಿಯೀಚಿನ ಪಾಲಕರಿಗೂ ಅದೇ.