ಭಾಷೆ ಹತ್ತು ಇರಬಹುದು, ಬಾಯಿ ಯಾರದು?

ಕಲಬುರಗಿಯ ಹುಡುಗನೊಬ್ಬ ಇಂಜಿನಿಯರಾಗಿ ಅಮೆರಿಕಕ್ಕೆ ಹೋದರೆ ಅವನು ಅನಿವಾಸಿ ಕನ್ನಡಿಗ. ಅದೇ ಜಿಲ್ಲೆಯ ಕೇರಿಯ ಹುಡುಗ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂದು ಕಾಂಕ್ರೀಟು ಹೊತ್ತರೆ ಅವನು ಗುಳೆ ಬಂದವನು. ಇಬ್ಬರೂ ಊರು ಬಿಟ್ಟವರೇ. ಮೊದಲಿನವನಿಗೆ ‘ಅಕ್ಕ’ದವರು 2000ದಿಂದ ನಡೆಸುತ್ತ ಬಂದಿರುವ ವಿಶ್ವ ಕನ್ನಡ ಸಮ್ಮೇಳನ ಉಂಟು, ಅಲ್ಲಿ ಹಾಡು ಕುಣಿತ ನಾಟಕ ಉಂಟು, ಇಲ್ಲಿಂದ ಹಾರಿಹೋಗುವ ಮಂತ್ರಿಗಳೂ ಸಾಹಿತಿಗಳೂ ಉಂಟು. ಎರಡನೆಯವನಿಗೆ ತಗಡಿನ ಶೆಡ್ಡು ಉಂಟು. ಊರು ಬಿಟ್ಟವರ ರಂಗಭೂಮಿ, ಬಹುಭಾಷೆಯ ರಂಗಭೂಮಿ ಅಂತ ಮಾತಾಡುವವರು ಮೊದಲು ಈ ಲೆಕ್ಕ ಹೇಳಲಿ.

ಬೆಂಗಳೂರಿನಲ್ಲಿ ಬಹುಭಾಷೆಯ ರಂಗಭೂಮಿಗೆ ವಿಳಾಸ ಕೇಳಿದರೆ ಎಲ್ಲರೂ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದ ಕಡೆ ಕೈ ತೋರಿಸುತ್ತಾರೆ. 1990ರಲ್ಲಿ ತೀರಿಕೊಂಡ ಶಂಕರ್ ನಾಗ್ ಕಂಡ ಕನಸನ್ನು ಅರುಂಧತಿ ನಾಗ್ ವರ್ಷಗಟ್ಟಲೆ ಕಾಡಿ ಬೇಡಿ 2004ರಲ್ಲಿ ಕಟ್ಟಿ ನಿಲ್ಲಿಸಿದರು. ಸೋಮವಾರ ಬಿಟ್ಟರೆ ದಿನಕ್ಕೊಂದು ನಾಟಕ ಎಂಬ ಹಟ ಹಿಡಿದು ನಡೆಸಿದರು. ಕನ್ನಡ, ಇಂಗ್ಲಿಷು, ಹಿಂದಿ, ಮರಾಠಿ, ಬಂಗಾಳಿ, ಎಲ್ಲ ಭಾಷೆಯ ನಾಟಕಗಳೂ ಅಲ್ಲಿ ಬಂದಿವೆ. ಸಣ್ಣ ತಂಡಗಳಿಗೂ ಎಟುಕುವ ಬಾಡಿಗೆ ಇಟ್ಟರು. ಇದು ಸಣ್ಣ ಕೆಲಸವಲ್ಲ. ಒಳ್ಳೆಯದನ್ನು ಒಳ್ಳೆಯದು ಅನ್ನಲು ನಮಗೆ ಯಾವ ಸಂಕೋಚವೂ ಇಲ್ಲ.

ಆದರೆ ಆ ರಂಗಮಂದಿರದ ಬಾಗಿಲಿಂದ ಹೊರಗೆ ಬಂದು ನಿಂತು ಕಿವಿಗೊಡಿ. ಬೆಳಗಾಗುವ ಮೊದಲೇ ರಸ್ತೆ ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಬಹಳ ಜನರ ಮನೆಮಾತು ತೆಲುಗು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುವ ಕೆ.ಜಿ.ಎಫ್.ನವರ ಮಾತು ತಮಿಳು. ಅಪಾರ್ಟ್‌ಮೆಂಟಿಗೆ ಸೆಂಟ್ರಿಂಗ್ ಕಟ್ಟುವವರದು ಬಿಹಾರದ, ಒಡಿಶಾದ, ಬಂಗಾಳದ ಮಾತು. ಕೇಬಲ್ಲಿಗೆ ಗುಂಡಿ ತೋಡುವವರದು ರಾಯಚೂರು, ಯಾದಗಿರಿಯ ಕನ್ನಡ. ಸಾರಕ್ಕಿ, ಪುಟ್ಟೇನಹಳ್ಳಿ ಎಂಬ ಹಳ್ಳಿಗಳನ್ನು ನುಂಗಿ ಬೆಳೆದ ಬಡಾವಣೆಯಲ್ಲಿ ಇಷ್ಟೊಂದು ಭಾಷೆ ದಿನಾ ಬೆವರು ಸುರಿಸುತ್ತದೆ. ಇವರೆಲ್ಲ ಗೋಡೆ ಕಟ್ಟುವುದಕ್ಕೆ ಬೇಕು, ಗುಡಿಸುವುದಕ್ಕೆ ಬೇಕು. ರಂಗದ ಮೇಲೆ? ಇವರ ಕತೆ ಆಗೊಮ್ಮೆ ಈಗೊಮ್ಮೆ ಬಂದೀತು. ಇವರೇ ಬರುವುದು ಯಾವಾಗ?

ಸಾಯಂಕಾಲ ಏಳೂವರೆಗೆ ಅಲ್ಲಿ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದರೆ ಪ್ರವೇಶವಿಲ್ಲ. ಶಿಸ್ತು ಒಳ್ಳೆಯದೇ. ಆದರೆ ಸಿಮೆಂಟು ತೊಳೆದುಕೊಂಡು, ಮೇಸ್ತ್ರಿ ಹತ್ತಿರ ಬಟವಾಡೆಗೆ ಕಾದು, ಒಲೆ ಹಚ್ಚಿ ಮಕ್ಕಳಿಗೆ ಅನ್ನ ಹಾಕುವವಳ ಗಡಿಯಾರ ಬೇರೆ. ಆ ಗಡಿಯಾರಕ್ಕೆ ಹೊಂದುವ ಒಂದು ಆಟವಾದರೂ ಈ ಊರಲ್ಲಿ ಬೇಡವೆ?

ವಿದೇಶದ ಮಾತು ಬಂತಲ್ಲ, ಒಂದು ಉದಾಹರಣೆ ನೋಡೋಣ. 1976ರಲ್ಲಿ ಲಂಡನ್ನಿನ ಸೌತಾಲಿನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಎಳೆಯ ವಿದ್ಯಾರ್ಥಿಯನ್ನು ಬಿಳಿಯ ಜನಾಂಗದ್ವೇಷಿಗಳು ಬೀದಿಯಲ್ಲೇ ಕೊಂದರು. ಆ ಸಿಟ್ಟಿನಲ್ಲಿ ಜತೀಂದರ್ ವರ್ಮಾ ಮತ್ತು ಗೆಳೆಯರು 1977ರಲ್ಲಿ ‘ತಾರಾ ಆರ್ಟ್ಸ್’ ಕಟ್ಟಿದರು. ಇಂಗ್ಲಿಷಿನೊಳಕ್ಕೆ ತಮ್ಮ ನುಡಿಗಳನ್ನು ಬೆರೆಸಿ ಆಡಿದರು. ಅಲ್ಲಿ ಬಹುಭಾಷೆ ಹುಟ್ಟಿದ್ದು ಗಾಯದಿಂದ, ಅಲಂಕಾರಕ್ಕಲ್ಲ. ಆ ಬೇರು ನಮಗೆ ಅರ್ಥವಾಗುತ್ತದೆ.

ಅರ್ಥವಾಗದ್ದು ಇನ್ನೊಂದು. ಕಡಲು ದಾಟಿದ ಮೇಲ್ಜಾತಿಯವರಿಗೆ ಬಣ್ಣದ ಅವಮಾನ ಸುಡುತ್ತದೆ, ತಾವು ಮಾಡುವ ಜಾತಿಯ ಅವಮಾನ ಮಾತ್ರ ಕಾಣುವುದೇ ಇಲ್ಲ. ಬ್ರಿಟನ್ನಿನಲ್ಲಿ ಜಾತಿ ತಾರತಮ್ಯವನ್ನು ಸಮಾನತೆ ಕಾನೂನಿನೊಳಗೆ ಸೇರಿಸುವ ಪ್ರಸ್ತಾಪವನ್ನು ಅಲ್ಲಿಯ ಸರ್ಕಾರ 2018ರಲ್ಲಿ ಕೈಬಿಟ್ಟಿತು. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಸೂದೆಗೆ ರಾಜ್ಯಪಾಲರು ಸಹಿ ಹಾಕಲಿಲ್ಲ. ಎರಡೂ ದೇಶಗಳಲ್ಲಿ ಎದ್ದು ನಿಂತು ವಿರೋಧಿಸಿದವರಲ್ಲಿ ನಮ್ಮ ದೇಶದಿಂದ ಹೋದವರೇ ಮುಂದು. ಇಂಥವರ ಸಮುದಾಯದಲ್ಲಿ ನಾಟಕ ಎಷ್ಟು ಭಾಷೆಯಲ್ಲಿ ನಡೆದರೇನು, ಜಾತಿಯ ಮಾತೆತ್ತಿದರೆ ಎಲ್ಲ ಭಾಷೆಯಲ್ಲೂ ಮೌನ!

ನಮ್ಮಲ್ಲೂ ಒಂದು ಕಾಲ ಇತ್ತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಬೆಂಕಿಗೆ ಹಾಕಿದಾಗ, 1975ರಲ್ಲಿ ಹುಟ್ಟಿದ್ದ ‘ಸಮುದಾಯ’ದ ಗೆಳೆಯರು ಅದನ್ನು ಬೀದಿನಾಟಕ ಮಾಡಿ ಕರ್ನಾಟಕದ ಊರೂರಿಗೆ ಒಯ್ದರು. ಟಿಕೆಟ್ಟಿಲ್ಲ, ಪರದೆಯಿಲ್ಲ. ಬಿಹಾರದ ಕೇರಿಯ ಗೋಳು ಕನ್ನಡದ ಬೀದಿಯಲ್ಲಿ ಕನ್ನಡದ್ದೇ ಗೋಳಾಯಿತು. ಇವತ್ತು ಆ ಬಿಹಾರದ ಕೇರಿಗಳ ಮಕ್ಕಳು ಖುದ್ದಾಗಿ ನಮ್ಮ ಬೀದಿಗೆ ಬಂದಿದ್ದಾರೆ. ಅವತ್ತು ಅವರ ಸುದ್ದಿ ಕೇಳಿ ಬೀದಿಗಿಳಿದ ರಂಗಭೂಮಿಗೆ ಇವತ್ತು ಅವರ ಮುಖ ಕಾಣದೇ ಹೋಯಿತೆ?

2020ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಲಾಕ್‌ಡೌನಿನಲ್ಲಿ ಕೆಲಸ ಕಳಕೊಂಡವರು ಊರಿಗೆ ಹೋಗ್ತೀವಿ ಅಂದರು. ಕಟ್ಟಡದ ಧಣಿಗಳ ಜೊತೆ ಮಾತಾಡಿದ ಮೇಲೆ ರಾಜ್ಯ ಸರ್ಕಾರ ಅವರ ರೈಲುಗಳನ್ನೇ ರದ್ದು ಮಾಡಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಟ್ಟಿತು. ಜೀತ ಅಂದರೆ ಇನ್ನೇನು? ಆ ದಿನಗಳನ್ನು ಅನುಭವಿಸಿದವರೇ ತಮ್ಮ ತಮ್ಮ ಮಾತಿನಲ್ಲಿ ರಂಗದ ಮೇಲೆ ನಿಂತು ಹೇಳಿದರೆ ಅದು ಬಹುಭಾಷೆಯ ನಾಟಕ.

ಕೆಲವರು ಕೇಳಬಹುದು: ಕನ್ನಡಕ್ಕೇ ಜಾಗ ಇಲ್ಲ, ಇವರ ಭಾಷೆ ಯಾಕ್ರೀ ಅಂತ. ಸ್ವಾಮಿ, ಕನ್ನಡವನ್ನು ಶಾಲೆಯಿಂದ, ಕಚೇರಿಯಿಂದ, ನೌಕರಿಯಿಂದ ಓಡಿಸಿದವರು ಕಸ ಗುಡಿಸುವವರಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆ ಎದ್ದಾಗ ಈ ಊರಲ್ಲಿ ಹೆಚ್ಚು ಏಟು ತಿಂದವರು ಗುಡಿಸಲಿನ ತಮಿಳು ಕೂಲಿಗಳು, ಬಂಗಲೆಯವರಲ್ಲ. ರಾಯಚೂರಿನ ಹೆಣ್ಣುಮಗಳ ಕನ್ನಡವನ್ನೇ ನಗೆಪಾಟಲು ಮಾಡುವವರು ಕನ್ನಡದ ಕಾವಲುಗಾರರೆ? ದುಡಿಯುವವರ ತೆಲುಗು, ತಮಿಳು, ಭೋಜಪುರಿ ನಮ್ಮ ಕನ್ನಡದ ಒಡಹುಟ್ಟುಗಳು.

ಇನ್ನು ಕೆಲವರು ಕಲೆಗೆ ಜಾತಿ ಇಲ್ಲ ಅಂತಾರೆ. ಇರಬಾರದು, ನಿಜ. ಆದರೆ ಯಾರು ಬರೆಯುತ್ತಾರೆ, ಯಾರು ಆಡುತ್ತಾರೆ, ಯಾರು ಕೂತು ನೋಡುತ್ತಾರೆ, ಆಟ ಮುಗಿದ ಮೇಲೆ ಯಾರು ಕುರ್ಚಿ ಒರೆಸುತ್ತಾರೆ, ಒಂದು ಪಟ್ಟಿ ಮಾಡಿ. ಜಾತಿ ಎಲ್ಲಿ ಕೂತಿದೆ ಅಂತ ಆ ಪಟ್ಟಿಯೇ ಹೇಳುತ್ತೆ.

ನಾವು ಕೇಳುವುದು ದೊಡ್ಡದೇನಲ್ಲ. ರಂಗಶಂಕರವಿರಲಿ, ಬೇರೆ ರಂಗಮಂದಿರವಿರಲಿ, ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ದುಡಿಯುವವರಿಗೆ ಬಾಗಿಲು ತೆರೆಯಲಿ. ಬಾಡಿಗೆಯೂ ಬೇಡ, ಟಿಕೆಟ್ಟೂ ಬೇಡ. ತಾಲೀಮು ಕೊಳೆಗೇರಿಯ ಸಮುದಾಯ ಭವನದಲ್ಲೇ ನಡೆಯಲಿ, ರಂಗಕರ್ಮಿಗಳು ಅಲ್ಲಿಗೇ ಹೋಗಲಿ. ಸರ್ಕಾರ ಅಮೆರಿಕದ ಸಮ್ಮೇಳನಕ್ಕೆ ತಂಡ ಕಳಿಸುವ ದುಡ್ಡಿನಲ್ಲಿ ಒಂದು ಪಾಲನ್ನು ಇದಕ್ಕೆ ಕೊಡಲಿ. ವಿದ್ಯಾರ್ಥಿ ಗೆಳೆಯರು ಸಂಜೆ ಶೆಡ್ಡುಗಳಿಗೆ ಹೋಗಿ ಕತೆ ಕೇಳಿ ಬರೆದುಕೊಳ್ಳಲಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಗುಳೆ ಹೋದ ಮಕ್ಕಳ ಹೆಸರು ಇದೆಯಲ್ಲ, ಆ ಮಕ್ಕಳು ಇಲ್ಲಿ ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದಾರೆ. ಅವರಪ್ಪ ಅವ್ವ ಯಾವ ಊರಿಗೆ, ಯಾವ ಮೇಸ್ತ್ರಿ ಕೈಕೆಳಗೆ ಹೋದರು ಅಂತ ನಮಗೆ ಬರೆದು ಕಳಿಸಿ. ನಾಟಕ ಅಲ್ಲಿಂದಲೇ ಶುರುವಾಗಲಿ.

ಕೊಡದಿದ್ದರೆ? ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಇದೆ, ಸಾರಕ್ಕಿ ಮಾರುಕಟ್ಟೆಯ ಬೀದಿ ಇದೆ. ತಮಟೆ ನಮ್ಮದೇ ಇದೆ.